ಚಾಕುವಿನ ಹಿಡಿಗೆ ಬೀಟೆಯೋ, ಹಲಸೋ, ಹಾಲೆಯೋ?

ಅಲಗು ಸಿದ್ಧವಾಗಿದೆ, ಹಿಡಿಗೆ ಯಾವ ಮರ ಎಂದು ಯೋಚಿಸುತ್ತಿರುವ ಬೆಂಗಳೂರಿನ ಹವ್ಯಾಸಿಗೆ ಈ ಮಾತು.

ಬೀಟೆಯ ನೇರಳೆಗಪ್ಪು ಗೆರೆಗಳಿಗೆ ಬೇರೆ ಅಲಂಕಾರ ಬೇಕಿಲ್ಲ. ಗಟ್ಟಿ, ತೂಕದ ಮರ. ತೇವಕ್ಕೆ ಸುಲಭವಾಗಿ ಜಗ್ಗುವುದಿಲ್ಲ. ಆದರೆ ಬೆಲೆ ಹೆಚ್ಚು, ಅರ ಹಾಕಿ ಉಜ್ಜಲು ತಾಳ್ಮೆಯೂ ಬೇಕು. ಅದರ ಪುಡಿ ಕೆಲವರ ಚರ್ಮಕ್ಕೂ ಉಸಿರಿಗೂ ಆಗುವುದಿಲ್ಲ, ಆದ್ದರಿಂದ ಮಾಸ್ಕ್ ಕಡ್ಡಾಯ. ಹೊಸ ಮರ ಕೊಳ್ಳುವ ಬದಲು ಮುರಿದ ಹಳೆಯ ಮಂಚದ ಕಾಲು ಹುಡುಕಿ. ಒಂದು ಹಿಡಿಗೆ ಗೇಣುದ್ದದ ತುಂಡು ಸಾಕು.

ಹಲಸು ಬೀಟೆಗಿಂತ ಮೃದು, ಉಳಿಗೆ ಒಗ್ಗುತ್ತದೆ. ಹೊಸದರಲ್ಲಿ ಅರಿಸಿನದ ಬಣ್ಣ. ವರ್ಷಗಳು ಕಳೆದಂತೆ ಕಂದಾಗುತ್ತದೆ. ವೀಣೆಗೆ ಒದಗುವ ಮರ ತರಕಾರಿ ಚಾಕುವಿಗೆ ಬೇಡವೇ? ಮೊದಲ ಚಾಕುವಿಗೆ ನನ್ನ ಮತ ಇದಕ್ಕೇ.

ಚನ್ನಪಟ್ಟಣದ ಬೊಂಬೆಗಳ ಹಾಲೆ ಮರ ಬಿಳಿ, ನುಣುಪು. ಚರಕಿಯಲ್ಲಿ (ಲೇತ್) ತಿರುಗಿಸಿ ಅರಗಿನ ಬಣ್ಣ ಹಚ್ಚಿದರೆ ಕಣ್ಣು ಕೀಳಲಾಗದು. ಅಡುಗೆಮನೆಗೆ ಮಾತ್ರ ಬೇಡ: ಅರಗು ಬಿಸಿಗೆ ಮೆತ್ತಗಾಗುತ್ತದೆ, ಪೂರ್ತಿ ದುಂಡಗಿನ ಹಿಡಿ ಒದ್ದೆ ಕೈಯಲ್ಲಿ ತಿರುಗುತ್ತದೆ. ಲಕೋಟೆ ಬಿಡಿಸುವ ಚಾಕುವಿಗೆ ಚೆನ್ನ.

ಬೀಟೆಗೂ ಹಲಸಿಗೂ ಮರದ ಎರಡು ಪಟ್ಟಿಗಳ ನಡುವೆ ಅಲಗಿನ ಬಾಲವನ್ನು ಇಟ್ಟು, ಎಪಾಕ್ಸಿ ಅಂಟಿನ ಜೊತೆ ಹಿತ್ತಾಳೆಯ ರಿವೆಟ್ ಹಾಕಿ. ಮೆರುಗಿಗೆ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ. ಅದು ಒಣಗಿ ಗಟ್ಟಿಯಾಗುತ್ತದೆ, ಕೊಬ್ಬರಿ ಎಣ್ಣೆ ಹಾಗಾಗುವುದಿಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನಾಗಿಯೇ ಹೊತ್ತಿಕೊಳ್ಳಬಹುದು, ಹರವಿ ಒಣಗಿಸಿ.