2500 ಪಟ್ಟು ಎಂದು ಬರೆದಿದ್ದ ಮೈಕ್ರೋಸ್ಕೋಪ್, ಮೂರು ತಿಂಗಳ ನಂತರ

ಪೆಟ್ಟಿಗೆ ಮೇಲೆ ದಪ್ಪ ಅಕ್ಷರದಲ್ಲಿ "2500 ಪಟ್ಟು ದೊಡ್ಡದಾಗಿ ನೋಡಿ" ಎಂದು ಅಚ್ಚಾಗಿತ್ತು. ಓದಿ ನಗು ಬಂತು. 31 ವರ್ಷ ಆಸ್ಪತ್ರೆ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಆಗಿದ್ದವಳು ನಾನು. ಅಷ್ಟೂ ವರ್ಷ ಬ್ಯಾಕ್ಟೀರಿಯಾ ನೋಡಿದ್ದು 1000 ಪಟ್ಟಿನಲ್ಲೇ. ನಮಗಿಲ್ಲದ ಭಾಗ್ಯ ಈ ಮಕ್ಕಳ ಕಿಟ್‌ಗೆ ಎಲ್ಲಿಂದ ಬಂತು?

ನಿವೃತ್ತಿಯಾದ ಮೇಲೆ ಕೈ ಸುಮ್ನೆ ಕೂರುವುದಿಲ್ಲ. ಒಂಬತ್ತನೇ ಕ್ಲಾಸಿನ ಮೊಮ್ಮಗಳಿಗೂ ಆಗುತ್ತೆ, ನನಗೂ ಆಗುತ್ತೆ ಅಂತ ಆನ್‌ಲೈನ್‌ನಲ್ಲಿ ತರಿಸಿದೆ. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಸಾಮಾನು ನಾಲ್ಕೈದು ಹೆಸರಿನಲ್ಲಿ ಮಾರಾಟಕ್ಕಿದೆ, ಚಿತ್ರ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಮೊದಲು ಆ 2500ರ ಲೆಕ್ಕ ಹೇಳಿಬಿಡುತ್ತೇನೆ. ಕೆಳಗಿನ ಅತಿ ದೊಡ್ಡ ಲೆನ್ಸ್ 100 ಪಟ್ಟು. ಕಣ್ಣಿಟ್ಟು ನೋಡುವ ಐಪೀಸ್ ಎರಡು ಕೊಟ್ಟಿದ್ದಾರೆ, 10 ಪಟ್ಟಿನದು ಮತ್ತು 25 ಪಟ್ಟಿನದು. ನೂರನ್ನು ಇಪ್ಪತ್ತೈದರಿಂದ ಗುಣಿಸಿದರೆ 2500. ಲೆಕ್ಕ ತಪ್ಪಿಲ್ಲ, ಮಾತು ಮಾತ್ರ ಪೊಳ್ಳು. ಬೆಳಕಿನಲ್ಲಿ ನೋಡುವ ಸಾಮಾನ್ಯ ಮೈಕ್ರೋಸ್ಕೋಪ್ ಯಾವುದೇ ಆದರೂ ಸುಮಾರು 0.2 ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಹತ್ತಿರ ಇರುವ ಎರಡು ಚುಕ್ಕೆಗಳನ್ನು ಬೇರೆ ಬೇರೆ ಮಾಡಿ ತೋರಿಸಲಾರದು. 100ರ ಲೆನ್ಸಿನ ಪಕ್ಕ 1.25 ಎಂದು ಕೆತ್ತಿರುತ್ತದೆ, ಲೆನ್ಸ್ ಎಷ್ಟು ಅಗಲದ ಬೆಳಕು ಹಿಡಿಯುತ್ತದೆ ಎಂಬ ಅಳತೆ ಅದು. ಅದನ್ನು ಸಾವಿರದಿಂದ ಗುಣಿಸಿ, 1250 ಆಯಿತು, ಉಪಯೋಗಕ್ಕೆ ಬರುವ ಮಿತಿ ಅಷ್ಟೇ. ಅದರಾಚೆಗೆ ಹೋದರೆ ಮಸುಕಾದ ಫೋಟೋವನ್ನು ಫೋನಿನಲ್ಲಿ ಎಳೆದೆಳೆದು ದೊಡ್ಡದು ಮಾಡಿದ ಹಾಗೆ. 25ರ ಐಪೀಸ್ ಅವತ್ತಿನಿಂದ ಪೆಟ್ಟಿಗೆಯಲ್ಲೇ ಇದೆ.

ಇಷ್ಟು ಬೈದ ಮೇಲೂ ಹೇಳುತ್ತೇನೆ, ಆ 100ರ ಲೆನ್ಸ್ ಒಂದೇ ಸಾಕು, ಕೊಟ್ಟ ಹಣ ಹುಟ್ಟಿತು. ಚೆನ್ನಾಗಿದೆ. ತುದಿಯಲ್ಲಿ ಸ್ಪ್ರಿಂಗ್ ಇದೆ, ಅವಸರದಲ್ಲಿ ಸ್ಲೈಡಿಗೆ ತಾಗಿಸಿದರೂ ಒಳಕ್ಕೆ ಸರಿಯುತ್ತದೆ. ಎಣ್ಣೆ ಹಾಕದೆ ಮಾತ್ರ ನೋಡಬೇಡಿ. ಸ್ಲೈಡ್ ಮತ್ತು ಲೆನ್ಸಿನ ನಡುವೆ ಇಮ್ಮರ್ಶನ್ ಆಯಿಲ್ ಒಂದು ಹನಿ ಇದ್ದರೆ ಬೆಳಕು ಚದುರದೆ ನೇರ ಒಳಗೆ ಹೋಗುತ್ತದೆ. ಮನೆಯಲ್ಲಿರುವ ಯಾವುದೋ ಎಣ್ಣೆ ಹಾಕಿ ಲೆನ್ಸ್ ಕೆಡಿಸಿಕೊಳ್ಳಬೇಡಿ. ಕೆಲಸ ಮುಗಿದ ಮೇಲೆ ಲೆನ್ಸ್ ಪೇಪರ್‌ನಿಂದ ಒರೆಸಿ, ಸೆರಗಿನಿಂದಲ್ಲ. ನಮ್ಮ ಕಿಟ್‌ನಲ್ಲಿ ಎಣ್ಣೆಯ ಪುಟ್ಟ ಬಾಟಲಿ ಬಂದಿತ್ತು. ಬಂದದ್ದು ಬಾಟಲಿ ಮಾತ್ರ. ಮುಚ್ಚಳ ಸಡಿಲವಾಗಿ ಎಣ್ಣೆ ಪೂರ್ತಿ ಸೂಚನೆ ಪುಸ್ತಕ ಕುಡಿದಿತ್ತು.

ಬೇರೆ ಎಣ್ಣೆ ತರಿಸಿ ಮೊದಲು ನೋಡಿದ್ದು ಮೊಮ್ಮಗಳ ಹಲ್ಲಿನ ಪಾಚಿ. ಕಡ್ಡಿಯಿಂದ ಹಲ್ಲಿನ ಬುಡ ಕೆರೆದು, ಒಂದು ಹನಿ ನೀರಿನಲ್ಲಿ ಕದಡಿ, ಕವರ್ ಸ್ಲಿಪ್ ಮುಚ್ಚಿದೆವು. 1683ರಲ್ಲಿ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ಮಾಡಿದ್ದೂ ಇದನ್ನೇ. ತಾನೇ ಉಜ್ಜಿ ಮಾಡಿದ ಒಂಟಿ ಲೆನ್ಸಿನಲ್ಲಿ ತನ್ನ ಹಲ್ಲಿನ ಕೊಳೆ ನೋಡಿ, ಲಂಡನ್ನಿನ ರಾಯಲ್ ಸೊಸೈಟಿಗೆ ಕಾಗದ ಬರೆದಿದ್ದ.

"ಅಜ್ಜಿ, ಎಲ್ಲಾ ಈಜ್ತಾ ಇವೆ!" ಅಂದಳು.

ನಾನು ಬಗ್ಗಿ ನೋಡಿದೆ. ಮುಕ್ಕಾಲು ಪಾಲು ಈಜುತ್ತಿರಲಿಲ್ಲ, ನಿಂತಲ್ಲೇ ನಡುಗುತ್ತಿದ್ದವು. ನೀರಿನ ಅಣುಗಳು ಎಲ್ಲಾ ಕಡೆಯಿಂದ ಗುದ್ದುವುದರಿಂದ ಆಗುವ ಕುಣಿತ ಅದು. ಧೂಳಿನ ಕಣವೂ ಹಾಗೇ ಕುಣಿಯುತ್ತದೆ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ ಇದನ್ನೇ ಚಲನೆ ಎಂದು ಬರೆದು ಬೈಸಿಕೊಂಡಿದ್ದೆ. "ಪಕ್ಕದವರನ್ನು ಬಿಟ್ಟು ಮುಂದೆ ಹೋಗೋದು ಯಾವುದಿದೆ ನೋಡು" ಅಂದೆ. ಎರಡು ನಿಮಿಷ ಉಸಿರು ಬಿಗಿಹಿಡಿದು ನೋಡಿದಳು. ಸಿಕ್ಕಿತು. ಕಾರ್ಕ್ ತೆಗೆಯುವ ಸ್ಕ್ರೂ ಹಾಗೆ ತಿರುಚಿಕೊಂಡು ಒಂದು ತೆಳ್ಳನೆಯ ಎಳೆ ಅಡ್ಡಾದಿಡ್ಡಿ ಓಡಿತು, ಸ್ಪೈರೋಕೀಟ್. ಇನ್ನೊಂದು ಕಡೆ ಕಡ್ಡಿಯಾಕಾರದವು ದಪ್ಪ ಗುಂಪಾಗಿ ಅಂಟಿಕೊಂಡಿದ್ದವು. ತಾವೇ ಸುರಿಸಿದ ಲೋಳೆಯಲ್ಲಿ ಒಟ್ಟಿಗೆ ವಾಸ. ಬಯೋಫಿಲ್ಮ್ ಅನ್ನುತ್ತೇವಲ್ಲ, ಅದು. ಆ ಲೋಳೆಯೊಳಗೆ ಔಷಧಿ ಸರಿಯಾಗಿ ಇಳಿಯುವುದಿಲ್ಲ, ಒಳಗಿನವು ಅರ್ಧ ನಿದ್ದೆಯಲ್ಲಿ ಇರುತ್ತವೆ. ಬಾಯಿ ಮುಕ್ಕಳಿಸಿದರೆ ಹೋಗಲ್ಲ, ಬ್ರಷ್ ಹಾಕಿ ಕೆರೆದೇ ತೆಗೆಯಬೇಕು. ನಾನು ಇದನ್ನು ಹೇಳುವಷ್ಟರಲ್ಲಿ ಅವಳು ಬಚ್ಚಲಿಗೆ ಓಡಿದ್ದಳು. ಹಲ್ಲುಜ್ಜಿ ಬಂದು ಇನ್ನೊಂದು ಸ್ಲೈಡ್ ಮಾಡಿಸಿದಳು. ಕಡಿಮೆ ಆಗಿದ್ದವು, ಖಾಲಿ ಆಗಿರಲಿಲ್ಲ. ಮುಖ ಸಣ್ಣದಾಯಿತು.

ಬೆಳಕಿನ ಬಗ್ಗೆ ಒಂದು ಮಾತು. ಬಣ್ಣ ಹಾಕದ ಬ್ಯಾಕ್ಟೀರಿಯಾ ಗಾಜಿನ ಹಾಗೆ ಪಾರದರ್ಶಕ. ಎಲ್‌ಇಡಿ ಜೋರಾಗಿ ಇಟ್ಟರೆ ಏನೂ ಕಾಣುವುದಿಲ್ಲ. ಸ್ಲೈಡ್ ಇಡುವ ಸ್ಟೇಜಿನ ಕೆಳಗೆ, ಬೆಳಕು ಬರುವ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಡಯಾಫ್ರಾಮ್ ತಿರುಗಿಸುವ ಚಿಕ್ಕ ಹಿಡಿ ಇದೆ, ಅದನ್ನು ಅರ್ಧ ಮುಚ್ಚಿ. "ಏನೂ ಕಾಣಲ್ಲ, ಡಬ್ಬಾ ಪೀಸು" ಎಂದು ಒಂದು ಸ್ಟಾರ್ ಕೊಟ್ಟವರು ಬಹುಶಃ ಇದನ್ನು ಮುಟ್ಟಿಯೇ ಇಲ್ಲ.

ಕಿಟ್‌ನಲ್ಲಿ ಬಂದ ಬಣ್ಣಗಳು ಎರಡೇ, ಮೆಥಿಲೀನ್ ಬ್ಲೂ ಮತ್ತು ಇಯೋಸಿನ್. ಗ್ರಾಂ ಸ್ಟೇನ್ ಇಲ್ಲದ ಕಿಟ್‌ನ್ನು ಬ್ಯಾಕ್ಟೀರಿಯಾ ಕಿಟ್ ಅನ್ನುವುದು ಹೇಗೆ? ಬೇರೆ ತರಿಸಿದೆ. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಪ್ರಕಟಿಸಿದ ವಿಧಾನ, ಇವತ್ತಿಗೂ ಲ್ಯಾಬ್‌ನ ಮೊದಲ ಕೆಲಸ. ಸ್ಲೈಡಿನ ಮೇಲೆ ತೆಳ್ಳಗೆ ಬಳಿದ ಸ್ಮಿಯರ್ ಒಣಗಿಸಿ, ಉರಿಯ ಮೇಲೆ ಹಾಯಿಸಿ ಅಂಟಿಕೊಳ್ಳುವಂತೆ ಫಿಕ್ಸ್ ಮಾಡಿ. ನೇರಳೆ ಬಣ್ಣ ಒಂದು ನಿಮಿಷ, ಅಯೋಡಿನ್ ಒಂದು ನಿಮಿಷ, ಆಲ್ಕೋಹಾಲ್ ಕೆಲವೇ ಸೆಕೆಂಡು, ಕೊನೆಗೆ ಗುಲಾಬಿ ಬಣ್ಣದ ಸಫ್ರನಿನ್. ಮೈಸುತ್ತ ದಪ್ಪ ಗೋಡೆ ಇರುವ ಬ್ಯಾಕ್ಟೀರಿಯಾ ನೇರಳೆ ಹಿಡಿದುಕೊಳ್ಳುತ್ತವೆ, ಅವು ಗ್ರಾಂ ಪಾಸಿಟಿವ್. ತೆಳು ಗೋಡೆಯವು ಬಿಟ್ಟುಕೊಟ್ಟು ಗುಲಾಬಿ ಆಗುತ್ತವೆ, ಅವು ನೆಗೆಟಿವ್. ಸುಮ್ನೆ ಬಣ್ಣದಾಟ ಅಲ್ಲ ಇದು. ಪೆನಿಸಿಲಿನ್ ಹೊಡೆಯುವುದು ಆ ಗೋಡೆ ಕಟ್ಟುವ ಕೆಲಸಕ್ಕೇ. ನೆಗೆಟಿವ್‌ಗಳಿಗೆ ಹೊರಗೆ ಇನ್ನೊಂದು ಪೊರೆ ಇರುವುದರಿಂದ ಎಷ್ಟೋ ಔಷಧಿ ಬಾಗಿಲಲ್ಲೇ ನಿಲ್ಲುತ್ತದೆ.

ಮೊಮ್ಮಗಳ ಮೊದಲ ಸ್ಲೈಡ್ ಪೂರ್ತಿ ಗುಲಾಬಿ. ಆಲ್ಕೋಹಾಲ್ ಹಾಕಿ ಫೋನ್ ನೋಡುತ್ತಾ ಕೂತಿದ್ದಳು, ಪಾಸಿಟಿವ್‌ಗಳ ಬಣ್ಣವೂ ಕೊಚ್ಚಿಹೋಗಿತ್ತು. ಮೂರನೆಯದು ಸರಿಯಾಯಿತು. ನೇರಳೆ ಮಣಿಸರ, ಪಕ್ಕದಲ್ಲೇ ಗುಲಾಬಿ ಕಡ್ಡಿ. ಫೋನ್ ಸಿಕ್ಕಿಸುವ ಹಿಡಿಕೆ ಕೊಟ್ಟಿದ್ದಾರೆ, ಅದರಲ್ಲಿ ಫೋಟೋ ತೆಗೆದಳು. ಹಿಡಿಕೆ ಅಲ್ಲಾಡುತ್ತದೆ. ಹತ್ತರಲ್ಲಿ ಎಂಟು ಫೋಟೋ ಕೆಡುತ್ತವೆ.

ನನಗೆ ಖುಷಿ ಕೊಟ್ಟದ್ದು ಇನ್ನೊಂದು. ಆಂಟಿಬಯಾಟಿಕ್ ಜೊತೆ ಕುಡಿಯಲು ಕೊಡುವ ಪ್ರೋಬಯಾಟಿಕ್ ವಯಲ್ ಇರುತ್ತದಲ್ವಾ, ನೀರಿನಂಥದ್ದು? ಒಂದು ಹನಿ ಹಾಕಿ ನೋಡಿದೆ. ರಾತ್ರಿಯ ಆಕಾಶ! ಹೊಳೆಯುವ ಮೊಟ್ಟೆಯಾಕಾರದ ಚುಕ್ಕೆಗಳು, ಎಲ್ಲಾ ಒಂದೇ ಅಳತೆ. 5 ಮಿಲಿ ವಯಲ್‌ನಲ್ಲಿ 200 ಕೋಟಿ ಎಂದು ಲೇಬಲ್ಲಿನಲ್ಲಿತ್ತು. ಇವು ಬ್ಯಾಸಿಲಸ್ ಜಾತಿಯ ಸ್ಪೋರ್‌ಗಳು. ತಮಗೆ ಆಹಾರ ಖಾಲಿಯಾದಾಗ, ಕಾಲ ಕೆಟ್ಟಾಗ ಈ ಜಾತಿಯವು ತಮ್ಮ ಡಿಎನ್‌ಎಯನ್ನು ಗಟ್ಟಿ ಕವಚದಲ್ಲಿ ಸುತ್ತಿ ಬಹುಪಾಲು ನೀರನ್ನು ಹೊರಹಾಕಿ ಮಲಗಿಬಿಡುತ್ತವೆ. ಉಸಿರಾಟ ಇಲ್ಲ, ಬೆಳವಣಿಗೆ ಇಲ್ಲ. ಹೊಟ್ಟೆಯ ಆಸಿಡ್ ದಾಟಿ ಕರುಳಿಗೆ ಹೋಗಿ ಏಳುತ್ತವೆ. ಅದರಿಂದ ಯಾರಿಗೆ ಎಷ್ಟು ಉಪಯೋಗ ಎಂದು ಹೇಳುವುದು ಡಾಕ್ಟರ ಕೆಲಸ, ನನ್ನದಲ್ಲ. ಗ್ರಾಂ ಬಣ್ಣ ಹಾಕಿ ನೋಡಿದರೆ ಸ್ಪೋರ್ ಇರುವ ಜಾಗ ತೂತಿನ ಹಾಗೆ ಖಾಲಿ. ಬಣ್ಣವನ್ನೂ ಒಳಗೆ ಬಿಡದ ಗಟ್ಟಿಗ.

ಧನುರ್ವಾಯು ತರುವುದೂ ಇಂಥದೇ ಒಂದು ಸ್ಪೋರ್. ಮಣ್ಣಿನಲ್ಲಿ ಮಲಗಿರುತ್ತದೆ, ಗಾಳಿಯಾಡದ ಆಳದ ಗಾಯ ಸಿಕ್ಕರೆ ಎದ್ದು ವಿಷ ಸುರಿಸುತ್ತದೆ. ಅದರ ದಾಯಾದಿ ಕ್ಲಾಸ್ಟ್ರಿಡಿಯಮ್ ಬೊಟುಲಿನಮ್‌ನ ವಿಷ ಇನ್ನೂ ಘೋರ. ಆದರೆ ಅದನ್ನೇ ಅತಿ ಸಣ್ಣ ಪ್ರಮಾಣದಲ್ಲಿ ಚುಚ್ಚಿ ಮೆಳ್ಳೆಗಣ್ಣಿಗೆ, ರೆಪ್ಪೆ ಬಿಗಿದುಕೊಳ್ಳುವ ಕಾಯಿಲೆಗೆ ಚಿಕಿತ್ಸೆ ಮಾಡುತ್ತಾರೆ. ಲ್ಯಾಬ್‌ನಲ್ಲಿ ನಮ್ಮ ಕೆಲಸವನ್ನು ಪರೀಕ್ಷೆ ಮಾಡುತ್ತಿದ್ದದ್ದೂ ಸ್ಪೋರೇ. ಕುದಿಯುವ ನೀರಿಗೆ ಸ್ಪೋರ್ ಜಗ್ಗುವುದಿಲ್ಲ, ಆಟೋಕ್ಲೇವ್‌ನಲ್ಲಿ, ಅಂದರೆ ದೊಡ್ಡ ಕುಕ್ಕರಿನಂಥ ಯಂತ್ರದಲ್ಲಿ, 121 ಡಿಗ್ರಿ ಹಬೆ 15 ನಿಮಿಷ ಬೇಕು. ನಿಜವಾಗಿ ಅಷ್ಟು ಬಿಸಿ ಆಯಿತಾ ಎಂದು ತಿಳಿಯಲು ಸ್ಪೋರ್ ಮತ್ತು ನೇರಳೆ ದ್ರವ ತುಂಬಿದ ಪುಟ್ಟ ಆಂಪೂಲನ್ನು ಸಾಮಾನಿನ ನಡುವೆ ಇಡುತ್ತಿದ್ದೆವು. ಆಮೇಲೆ ಬೆಚ್ಚಗೆ ಇಟ್ಟಾಗ ನೇರಳೆ ಹಾಗೇ ಇದ್ದರೆ ಎಲ್ಲಾ ಸತ್ತಿವೆ. ಒಂದು ಸಲ ಬೆಳಿಗ್ಗೆ ಬಂದು ನೋಡಿದರೆ ಹಳದಿ! ಬಾಗಿಲಿನ ಗ್ಯಾಸ್ಕೆಟ್ ಹೋಗಿತ್ತು. ಅವತ್ತಿನ ಸಾಮಾನು ಪೂರ್ತಿ ಮತ್ತೆ ಮಾಡಿದೆವು.

ಈಗ ನನ್ನ ನಿಜವಾದ ತಕರಾರು. ಕಿಟ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸಲು ಪ್ಲಾಸ್ಟಿಕ್ ಪೆಟ್ರಿ ಡಿಶ್ ಮತ್ತು ಅಗರ್ ಪುಡಿ ಇಟ್ಟಿದ್ದಾರೆ. "ಬಾಗಿಲ ಹಿಡಿ, ಟಾಯ್ಲೆಟ್ ಸೀಟು ಒರೆಸಿ ಬೆಳೆಸಿ ನೋಡಿ, ಮುಗಿದ ಮೇಲೆ ಕಸದ ಬುಟ್ಟಿಗೆ ಹಾಕಿ" ಎಂದು ಎಣ್ಣೆ ಕುಡಿದ ಆ ಪುಸ್ತಕದಲ್ಲಿ ಬರೆದಿದೆ. ಯಾರಪ್ಪಾ ಬರೆದದ್ದು ಇದನ್ನು? 20 ನಿಮಿಷಕ್ಕೊಮ್ಮೆ ಎರಡಾಗುವ ಬ್ಯಾಕ್ಟೀರಿಯಾ 8 ಗಂಟೆಯಲ್ಲಿ ಒಂದರಿಂದ 1 ಕೋಟಿ 67 ಲಕ್ಷ ಆಗುತ್ತದೆ. ಬಾಗಿಲ ಹಿಡಿಯ ಮೇಲೆ ನಾಲ್ಕು ಇದ್ದಾಗ ಮೈ ತಡೆದುಕೊಳ್ಳುತ್ತದೆ. ಅದನ್ನೇ ಕೋಟಿಗಟ್ಟಲೆ ಬೆಳೆಸಿ, ಮುಚ್ಚಳ ತೆಗೆದು ಮೂಸಿ ನೋಡುವ ಮಕ್ಕಳಿರುತ್ತಾರೆ. ನಾನು ಆ ಪೊಟ್ಟಣ ತೆಗೆದಿಟ್ಟೆ. ಕಫದ ಸ್ಲೈಡ್ ಕೂಡ ಮನೆಯಲ್ಲಿ ಬೇಡ. ಟಿಬಿ ಸ್ಲೈಡ್‌ಗಳನ್ನು ನಾನು ವರ್ಷಗಟ್ಟಲೆ ನೋಡಿದ್ದೇನೆ, ನೀಲಿ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಕಡ್ಡಿ. ಇಲ್ಲ ಎಂದು ಬರೆಯುವ ಮೊದಲು 100 ಫೀಲ್ಡ್, ಅಂದರೆ ಲೆನ್ಸಿನಲ್ಲಿ ಒಂದು ಸಲಕ್ಕೆ ಕಾಣುವಂಥ 100 ಜಾಗ, ನೋಡಬೇಕಿತ್ತು. ಟಿಬಿ ಬ್ಯಾಕ್ಟೀರಿಯಾ ಎರಡಾಗಲು ಸುಮಾರು 20 ಗಂಟೆ ತೆಗೆದುಕೊಳ್ಳುವ ಸೋಮಾರಿ. ಮೇಣದಂಥ ಗೋಡೆ ಬೇರೆ. ತಿಂಗಳುಗಟ್ಟಲೆ ಮಾತ್ರೆ ನುಂಗಿಸುವುದು ಸುಮ್ನೆ ಅಲ್ಲ.

ಮೈಕ್ರೋಸ್ಕೋಪ್ ಬಂದ ಸುದ್ದಿ ಹರಡಿ ಪಕ್ಕದ ಮನೆಯವರು ಒಂದು ಬಾಟಲಿ ಹಿಡಿದು ಬಂದರು. ಉರಿಮೂತ್ರವಂತೆ. "ಅಕ್ಕಾ, ನೀವೇ ನೋಡಿ ಯಾವ ಮಾತ್ರೆ ಅಂತ ಹೇಳಿಬಿಡಿ, ಲ್ಯಾಬ್‌ನವರು ಎರಡು ದಿನ ಸತಾಯಿಸ್ತಾರೆ." ಬಾಟಲಿ ಮುಟ್ಟಲಿಲ್ಲ ನಾನು. ಎರಡು ದಿನ ಯಾಕೆ ಎಂದು ಕೂರಿಸಿ ಹೇಳಿದೆ. ಮೊದಲ ರಾತ್ರಿ ಪ್ಲೇಟಿನಲ್ಲಿ ಬೆಳೆಯಬೇಕು. ಬೆಳೆದದ್ದನ್ನು ಇನ್ನೊಂದು ಪ್ಲೇಟಿನಲ್ಲಿ ಹರಡಿ, ಔಷಧಿ ಅದ್ದಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಟ್ಟು ಇನ್ನೊಂದು ರಾತ್ರಿ ಕಾಯಬೇಕು. ಯಾವ ಬಿಲ್ಲೆಯ ಸುತ್ತ ಏನೂ ಬೆಳೆಯದ ವೃತ್ತ ಆಗಿದೆಯೋ, ಅದನ್ನು ಸ್ಕೇಲ್ ಹಿಡಿದು ಅಳೆದು ವರದಿ ಬರೆಯುತ್ತಾರೆ. ಲೆನ್ಸಿನಲ್ಲಿ ಕಡ್ಡಿ ಕಾಣುತ್ತದೆ. ಯಾವ ಮಾತ್ರೆಗೆ ಸಾಯುತ್ತದೆ ಎಂದು ಅದರ ಮೈಮೇಲೆ ಬರೆದಿರುವುದಿಲ್ಲ.

ಈ ಕಿಟ್ ಮಾರುವವರು ಹೇಳದೇ ಬಿಡುವುದು ಇದನ್ನೇ. ಜೊತೆಗೆ ಬಂದ 25 ರೆಡಿ ಸ್ಲೈಡ್‌ಗಳಲ್ಲಿ ಒಂದಕ್ಕೆ "ಕೆಟ್ಟ ಬ್ಯಾಕ್ಟೀರಿಯಾ" ಎಂದು ಲೇಬಲ್ ಹಚ್ಚಿದ್ದಾರೆ. ನೋಡಿದರೆ ಇ. ಕೋಲಿ ಥರದ ಗುಲಾಬಿ ಕಡ್ಡಿ, ಎರಡು ಮೈಕ್ರಾನ್ ಉದ್ದ. ಇ. ಕೋಲಿ ನಮ್ಮ ನಿಮ್ಮ ಕರುಳಿನಲ್ಲಿ ತೆಪ್ಪಗೆ ಇದೆ. ಅದರಲ್ಲೇ ಒ157 ಎಂಬ ತಳಿ ವಿಷ ಮಾಡಿ ರಕ್ತಭೇದಿ ತರುತ್ತದೆ, ಕಿಡ್ನಿಯನ್ನೂ ಕೆಡಿಸಬಹುದು. 1978ರಲ್ಲಿ ಮನುಷ್ಯರ ಇನ್ಸುಲಿನ್ ಜೀನ್ ಹಾಕಿಸಿಕೊಂಡು ಇನ್ಸುಲಿನ್ ಮಾಡಿಕೊಟ್ಟದ್ದೂ ಇದೇ ಇ. ಕೋಲಿ. 1982ರಲ್ಲಿ ಅದು ಔಷಧಿಯಾಗಿ ಮಾರುಕಟ್ಟೆಗೆ ಬಂತು. ಅದಕ್ಕೆ ಮೊದಲು ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. ಮೂರನ್ನೂ ಒಂದೇ ಸ್ಲೈಡಿನಲ್ಲಿ ಇಟ್ಟರೆ ಯಾವುದು ಯಾವುದೆಂದು 31 ವರ್ಷದ ಅನುಭವದ ನಾನೂ ಹೇಳಲಾರೆ. ಲೇಬಲ್ ಕಿತ್ತು ಹಾಕಿ "ಗ್ರಾಂ ನೆಗೆಟಿವ್ ಕಡ್ಡಿ" ಎಂದು ಬರೆದೆ.

ಉಳಿದ ವಿಷಯ ಬೇಗ ಮುಗಿಸುತ್ತೇನೆ. ಸಣ್ಣ ಫೋಕಸ್ ತಿರುಪು ಮೊದಲ ವಾರ ಬಿಗಿಯಾಗಿತ್ತು, ಈಗ ಪರವಾಗಿಲ್ಲ. ಸ್ಟೇಜ್ ಬಲಕ್ಕೆ ಸರಿಸುವಾಗ ಕಿರ್ ಅನ್ನುತ್ತದೆ. ಒಂದೇ ಕಣ್ಣಿನದು, ಅರ್ಧ ಗಂಟೆ ನೋಡಿದರೆ ತಲೆನೋವು. ಐದರಲ್ಲಿ ನಾಲ್ಕು ಕೊಡುತ್ತೇನೆ, ಒಂದು ಕತ್ತರಿಸಿದ್ದು ಅಗರ್ ಪುಡಿಗೆ. 2500ಕ್ಕೂ ಅರ್ಧ ಕತ್ತರಿಸೋಣ ಅಂತಿದ್ದೆ, ಇಲ್ಲಿ ಅರ್ಧ ಸ್ಟಾರ್ ಒತ್ತಲು ಬರುವುದಿಲ್ಲ.

ಎಣ್ಣೆ ಚೆಲ್ಲಿದ್ದಕ್ಕೆ ಮಾರಿದವರಿಗೆ ದೂರು ಬರೆದಿದ್ದೆ. ಇವತ್ತು ಬೆಳಿಗ್ಗೆ ಹೊಸ ಬಾಟಲಿ ಕಳಿಸಿದ್ದಾರೆ, ಬೇಡವೆನ್ನಲಿಲ್ಲ. ಮುಚ್ಚಳ ಈ ಸಲವೂ ಸಡಿಲ.