ಹಳೆಯ ಎಚ್61 ಬೋರ್ಡಿಗೆ ಮೂರು ಪ್ರೊಸೆಸರ್ ಹಾಕಿ ನೋಡಿದೆ

ನಮ್ಮ ಮನೆಯ ಕಂಪ್ಯೂಟರ್ 2012ರದ್ದು. ಇಂಟೆಲ್ ಪೆಂಟಿಯಂ ಜಿ620 ಪ್ರೊಸೆಸರ್, ಎಚ್61 ಬೋರ್ಡ್ (ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್), 8 ಜಿಬಿ ರ‍್ಯಾಮ್. ಸಿರಸಿ ಹತ್ತಿರದ ನಮ್ಮೂರಿನಲ್ಲಿ ತಾಳಮದ್ದಳೆ ಆದಾಗಲೆಲ್ಲ ನಾನು ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತೇನೆ. ಆಮೇಲೆ ಇದೇ ಕಂಪ್ಯೂಟರಿನಲ್ಲಿ ಕತ್ತರಿಸಿ ಜೋಡಿಸುತ್ತೇನೆ. ಹತ್ತು ನಿಮಿಷದ ಒಂದು ಪ್ರಸಂಗದ ತುಣುಕು ಶಾಟ್‌ಕಟ್ ಎಂಬ ವಿಡಿಯೊ ಎಡಿಟಿಂಗ್ ತಂತ್ರಾಂಶದಲ್ಲಿ ಎಕ್ಸ್‌ಪೋರ್ಟ್ ಆಗಲು, ಅಂದರೆ ಪೂರ್ತಿ ವಿಡಿಯೊ ಫೈಲಾಗಿ ತಯಾರಾಗಲು, 31 ನಿಮಿಷ ಹಿಡಿಯುತ್ತಿತ್ತು. ನಮ್ಮ ಯುಪಿಎಸ್ ತಡೆಯುವುದು ಸುಮಾರು 15 ನಿಮಿಷ. ಮಳೆಗಾಲದಲ್ಲಿ ಕರೆಂಟು ಹೋಯಿತೆಂದರೆ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು, ಮತ್ತೆ ಮೊದಲಿಂದ ಶುರು ಮಾಡಬೇಕು. ಹಾಗಾಗಿ ನನಗೆ ಬೇಕಿದ್ದದ್ದು ಒಂದೇ: ಯುಪಿಎಸ್ ಸಾಯುವ ಮೊದಲು ಕೆಲಸ ಮುಗಿಯಬೇಕು.

ಹಾರ್ಡ್ ಡಿಸ್ಕಿಗಿಂತ ವೇಗವಾಗಿ ಓದಿ ಬರೆಯುವ ಎಸ್‌ಎಸ್‌ಡಿಯನ್ನು ನಾನು ಮುಂಚೆಯೇ ಹಾಕಿಸಿದ್ದೆ. ನಿಮ್ಮದರಲ್ಲಿ ಇನ್ನೂ ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಪ್ರೊಸೆಸರ್ ಗೊಡವೆಗೆ ಈಗಲೇ ಹೋಗಬೇಡಿ, ಮೊದಲು ಅದನ್ನು ಬದಲಾಯಿಸಿ. ಎಚ್61ರಲ್ಲಿ ಡಿಸ್ಕ್ ಜೋಡಿಸುವ ಸಾಟಾ ಪೋರ್ಟಿನ ವೇಗ ಸೆಕೆಂಡಿಗೆ 3 ಗಿಗಾಬಿಟ್ ಮಾತ್ರ. ಆದರೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಆದರೆ ಎಕ್ಸ್‌ಪೋರ್ಟ್ ಸಮಯ ಅದರಿಂದ ಒಂದು ನಿಮಿಷವೂ ಇಳಿಯಲಿಲ್ಲ. ಅದು ಪೂರ್ತಿ ಪ್ರೊಸೆಸರಿನ ಕೆಲಸ. ಜಿ620ರಲ್ಲಿ ಇರುವುದು ಎರಡೇ ಕೋರ್ (ಲೆಕ್ಕ ಮಾಡುವ ಘಟಕ), 2.6 ಗಿಗಾಹರ್ಟ್ಸ್. ವಿಡಿಯೊ ಲೆಕ್ಕಾಚಾರಕ್ಕೆ ಅನುಕೂಲವಾಗುವ ಎವಿಎಕ್ಸ್ ಎಂಬ ಸೂಚನೆಗಳ ಗುಂಪು ಅದರಲ್ಲಿ ಇಲ್ಲ.

ಈ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಎಲ್‌ಜಿಎ 1155 ಸಾಕೆಟ್‌ನ ಒಳ್ಳೆಯ ವಿಷಯ ಏನೆಂದರೆ ಇಂಟೆಲ್‌ನ ಎರಡು ಪೀಳಿಗೆಗಳು, 2011ರ ಸ್ಯಾಂಡಿ ಬ್ರಿಡ್ಜ್ ಮತ್ತು 2012ರ ಐವಿ ಬ್ರಿಡ್ಜ್, ಎರಡೂ ಅದರಲ್ಲಿ ಕೂರುತ್ತವೆ. ನಾನು ಮೂರನ್ನು ಹಾಕಿ ನೋಡಿದೆ.

ಮೊದಲನೆಯದು ಸ್ಯಾಂಡಿ ಬ್ರಿಡ್ಜ್ ಪೀಳಿಗೆಯ ಐ5-2400. ಭಾವನ ಮನೆಯಲ್ಲಿ ಕೆಟ್ಟು ಕೂತಿದ್ದ ಕಂಪ್ಯೂಟರಿನಿಂದ ತೆಗೆದದ್ದು, ಖರ್ಚಿಲ್ಲ. ನಾಲ್ಕು ಕೋರ್, ಬಯೋಸ್ (ಯಂತ್ರವನ್ನು ಶುರು ಮಾಡುವ, ಬೋರ್ಡಿನೊಳಗೇ ಇರುವ ತಂತ್ರಾಂಶ) ಮುಟ್ಟದೆಯೇ ಓಡಿತು. ಅದೇ ತುಣುಕು 14 ನಿಮಿಷಕ್ಕೆ ಮುಗಿಯಿತು. ಆದರೆ ಇದು 95 ವ್ಯಾಟ್‌ನದು. ನನ್ನ ಹಳೆಯ ಸಣ್ಣ ಹೀಟ್ ಸಿಂಕ್ (ಪ್ರೊಸೆಸರಿನ ಬಿಸಿ ಹೀರುವ ಲೋಹದ ಭಾಗ) ಮೇಲೆ ಫ್ಯಾನು ಪಕ್ಕದ ಕೋಣೆಗೆ ಕೇಳುವಷ್ಟು ಕೂಗುತ್ತಿತ್ತು. ಮದ್ದಳೆಯ ನಾದ ಸರಿಯಾಗಿ ಬಂದಿದೆಯಾ ಅಂತ ಕಿವಿಗೊಟ್ಟು ಕೇಳುವಾಗ ಇದು ಆಗದ ಮಾತು.

ಎರಡನೆಯದು ಐವಿ ಬ್ರಿಡ್ಜ್ ಪೀಳಿಗೆಯ ಐ5-3470. ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಕ್ಕಿತು, 1,400 ರೂಪಾಯಿ ಕೊಟ್ಟೆ. ಇದಕ್ಕೂ ನಾಲ್ಕೇ ಕೋರ್, ಆದರೆ ಇನ್ನೂ ಸೂಕ್ಷ್ಮವಾದ 22 ನ್ಯಾನೊಮೀಟರ್‌ನ ತಯಾರಿಕೆ, 77 ವ್ಯಾಟ್ ಮಾತ್ರ. ಎಕ್ಸ್‌ಪೋರ್ಟ್ ಹನ್ನೆರಡೂವರೆ ನಿಮಿಷ. ಕಾಗದದ ಮೇಲೆ 2400ಕ್ಕಿಂತ ಬರೀ ಒಂದೂವರೆ ನಿಮಿಷ ಕಡಿಮೆ, ಅಲ್ವಾ? ಆದರೆ ಅದೇ ಹೀಟ್ ಸಿಂಕ್‌ನಲ್ಲಿ ಸದ್ದು ಬಹಳ ಇಳಿಯಿತು. ನನ್ನ ಮಟ್ಟಿಗೆ ಅದು ಸಮಯಕ್ಕಿಂತ ದೊಡ್ಡ ಲಾಭ.

ಇದಕ್ಕೆ ಒಂದು ಷರತ್ತಿದೆ. ನನ್ನ ಬೋರ್ಡಿನ ಬಯೋಸ್ 2011ರದ್ದು, ಅದಕ್ಕೆ ಐವಿ ಬ್ರಿಡ್ಜ್ ಗುರುತೇ ಸಿಗುವುದಿಲ್ಲ. ಆದ್ದರಿಂದ ಹಳೆಯ ಪ್ರೊಸೆಸರ್ ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿ, ಆಮೇಲೆ ಹೊಸದನ್ನು ಹಾಕಬೇಕು. ಅಪ್‌ಡೇಟ್ ನಡುವೆ ಕರೆಂಟು ಹೋದರೆ ಬೋರ್ಡೇ ಹೋದಂತೆ. ನಾನು ಯುಪಿಎಸ್ ಪೂರ್ತಿ ಚಾರ್ಜ್ ಆದ ಮೇಲೆ, ಮಳೆಯಿಲ್ಲದ ಒಂದು ಬೆಳಿಗ್ಗೆ ಮಾಡಿದೆ. ಕೆಲವು ಬ್ರ್ಯಾಂಡೆಡ್ ಕಂಪ್ಯೂಟರುಗಳ ಬೋರ್ಡಿಗೆ ಇಂಥ ಬಯೋಸ್ ಬಂದೇ ಇಲ್ಲ. ಕೊಳ್ಳುವ ಮೊದಲು ಬೋರ್ಡ್ ತಯಾರಿಸಿದವರ ಪಟ್ಟಿಯಲ್ಲಿ ನೋಡಿಕೊಳ್ಳಿ. ಇಲ್ಲದಿದ್ದರೆ 2400ರ ಜೊತೆಗೇ ಸಮಾಧಾನ.

ಮೂರನೆಯದು ಝಿಯಾನ್ ಇ3-1230 ವಿ2. ಇದೂ ಐವಿ ಬ್ರಿಡ್ಜ್ ಪೀಳಿಗೆಯದೇ, ಆದರೆ ಸರ್ವರ್‌ಗೆಂದು ಮಾಡಿದ್ದು. ನಾಲ್ಕು ಕೋರ್, ಎಂಟು ಥ್ರೆಡ್ (ಅಂದರೆ ಪ್ರತಿ ಕೋರ್ ಒಮ್ಮೆಗೇ ಎರಡು ಕೆಲಸ ಹಿಡಿಯುತ್ತದೆ), 69 ವ್ಯಾಟ್. ಹತ್ತೂವರೆ ನಿಮಿಷಕ್ಕೆ ಮುಗಿಸಿತು, ಮೂರರಲ್ಲಿ ಇದೇ ಮುಂದು. ಆದರೆ ಇದರೊಳಗೆ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಇಲ್ಲ. ಬೋರ್ಡಿನ ವಿಜಿಎ ಪೋರ್ಟಿಗೆ ಮಾನಿಟರ್ ಸಿಕ್ಕಿಸಿದರೆ ಪರದೆ ಕಪ್ಪಾಗಿಯೇ ಇರುತ್ತದೆ. ಗೊತ್ತಿಲ್ಲದವರು ಬೋರ್ಡ್ ಸತ್ತಿದೆ ಎಂದೇ ತಿಳಿಯುತ್ತಾರೆ. ನಾನು ಗೆಳೆಯನ ಹತ್ತಿರ ಜಿಟಿ 710 ಗ್ರಾಫಿಕ್ಸ್ ಕಾರ್ಡ್ ಎರವಲು ತಂದು ಹಾಕಿದೆ. ಎರಡು ನಿಮಿಷ ಉಳಿಸಲು ಇನ್ನೊಂದು ಕಾರ್ಡ್ ಕೊಂಡು, ಅದಕ್ಕೂ ದಿನವಿಡೀ ಕರೆಂಟು ಕೊಡುವುದು ನನಗೆ ಸರಿ ಕಾಣಲಿಲ್ಲ. ಮನೆಯಲ್ಲಿ ಮೊದಲೇ ಗ್ರಾಫಿಕ್ಸ್ ಕಾರ್ಡ್ ಇದ್ದವರಿಗೆ ಮಾತ್ರ ಇದು ನಿಜಕ್ಕೂ ಒಳ್ಳೆಯ ಆಯ್ಕೆ. ಗ್ರಾಫಿಕ್ಸ್ ಇರುವ ಐ7-3770ಕ್ಕೂ ಎಂಟು ಥ್ರೆಡ್ ಇವೆ. ಆದರೆ ನನಗೆ ಹೇಳಿದ ಬೆಲೆ 3470ರ ಎರಡು ಪಟ್ಟಿಗಿಂತ ಜಾಸ್ತಿ, ಹಾಗಾಗಿ ಕೊಳ್ಳಲಿಲ್ಲ.

ಎಕ್ಸ್‌ಪೋರ್ಟ್ ಬಿಟ್ಟು ದಿನದ ಬಳಕೆಯಲ್ಲಿ ಈ ಮೂರರ ನಡುವೆ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಪೆಂಟಿಯಂಗೆ ಹೋಲಿಸಿದರೆ ಮಾತ್ರ ಬಹಳ ಇದೆ. ಯೂಟ್ಯೂಬ್ ಈಗ ಹೆಚ್ಚಾಗಿ ವಿಪಿ9ನಂಥ ಹೊಸ ರೂಪಗಳಲ್ಲಿ ವಿಡಿಯೊ ಕಳಿಸುತ್ತದೆ. ಈ ಹಳೆಯ ಪ್ರೊಸೆಸರುಗಳ ಗ್ರಾಫಿಕ್ಸ್‌ಗೆ ಅದನ್ನು ಬಿಡಿಸಲು ಬರುವುದಿಲ್ಲ, ಹೊರೆಯೆಲ್ಲ ಕೋರ್‌ಗಳ ಮೇಲೆ ಬೀಳುತ್ತದೆ. ಎರಡು ಕೋರ್ ತಡವರಿಸುತ್ತಿದ್ದ ಕಡೆ ನಾಲ್ಕು ಕೋರ್ ಸಲೀಸಾಗಿ ಓಡುತ್ತವೆ. ಬದಲಾಯಿಸಲು ಆಗದವರು ಬ್ರೌಸರ್‌ಗೆ ಎಚ್264ಇಫೈ ಎಕ್ಸ್‌ಟೆನ್ಶನ್ (ಯೂಟ್ಯೂಬಿನಿಂದ ಹಳೆಯ ಎಚ್264 ರೂಪದ ವಿಡಿಯೊ ತರಿಸುವಂಥದ್ದು) ಹಾಕಿ ನೋಡಿ, ಸಾಕಷ್ಟು ಹಗುರಾಗುತ್ತದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಈ ಸಾಕೆಟ್‌ಗೆ ಬರುವ ಯಾವ ಪ್ರೊಸೆಸರೂ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ನಾನು ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಬಳಸುತ್ತೇನೆ. ವಿಂಡೋಸ್ ಬೇಕೇ ಬೇಕು ಎನ್ನುವವರು ಈ ದುಡ್ಡನ್ನು ಇಲ್ಲಿ ಹಾಕುವ ಮೊದಲು ಯೋಚಿಸಿ.

ಕೂರಿಸುವಾಗ ಒಂದು ಎಚ್ಚರ. ಪಿನ್ನುಗಳು ಇರುವುದು ಪ್ರೊಸೆಸರಿನಲ್ಲಲ್ಲ, ಬೋರ್ಡಿನ ಸಾಕೆಟ್‌ನಲ್ಲಿ. ಕೈ ಜಾರಿ ಪ್ರೊಸೆಸರಿನ ಮೂಲೆ ತಾಗಿದರೂ ಪಿನ್ನು ಬಾಗುತ್ತದೆ. ಒತ್ತಬೇಡಿ, ಸುಮ್ನೆ ಇಟ್ಟರೆ ತಾನಾಗಿ ಕೂರುತ್ತದೆ. ಹಳೆಯ ಥರ್ಮಲ್ ಪೇಸ್ಟ್ ಪೂರ್ತಿ ಒರೆಸಿ, ಹೊಸದನ್ನು ಕಡಲೆಕಾಳಿಗಿಂತ ಸಣ್ಣ ಬೊಟ್ಟಿನಷ್ಟು ಹಾಕಿ.

ಈಗ ಯಂತ್ರದಲ್ಲಿರುವುದು 3470. ಝಿಯಾನ್, ಗ್ರಾಫಿಕ್ಸ್ ಕಾರ್ಡ್ ಎರವಲು ಕೊಟ್ಟ ಗೆಳೆಯನಿಗೇ ಹೋಯಿತು, 2400 ಭಾವನಿಗೆ ವಾಪಸ್ಸು. ಜಿ620 ಮಾತ್ರ ನನ್ನ ಡ್ರಾದಲ್ಲೇ ಇದೆ. ಈ ಬೋರ್ಡ್ ಎಂದಾದರೂ ಹೋಗಿ, ಹಳೆಯ ಬಯೋಸ್ ಇರುವ ಇನ್ನೊಂದು ಎಚ್61 ತಂದರೆ, ಅದನ್ನು ಅಪ್‌ಡೇಟ್ ಮಾಡಲು ಇದೇ ಬೇಕಾಗುತ್ತದೆ.