ಬೌಡಿಚ್ ಸಾಕಾ, ಲೀಸ್ಟ್ ಸ್ಕ್ವೇರ್ಸ್ ಬೇಕಾ?

ವಿಜಯಪುರದ ಕಡೆ ಎರೆಹೊಲವೊಂದನ್ನು ಟೋಟಲ್ ಸ್ಟೇಷನ್‌ನಲ್ಲಿ (ಕೋನ, ದೂರ ಎರಡನ್ನೂ ಅಳೆಯುವ ಯಂತ್ರ) ಸುತ್ತಿ ಅಳೆದಿದ್ದೀರಿ ಅಂದುಕೊಳ್ಳಿ. ಸುತ್ತಳತೆ 600 ಮೀಟರ್. ಹೊರಟ ಗೂಟಕ್ಕೇ ವಾಪಸ್ ಬಂದರೂ ಲೆಕ್ಕದಲ್ಲಿ 6 ಸೆಂಟಿಮೀಟರ್ ತಪ್ಪು. ಅಂದರೆ 10 ಸಾವಿರಕ್ಕೆ 1. ಈ ತಪ್ಪನ್ನು ಅಳತೆಗಳಿಗೆ ಹಂಚುವುದು ಹೇಗೆ? ಲೆಕ್ಕದ ವಿಧಾನ ಎರಡಿವೆ: ಬೌಡಿಚ್, ಲೀಸ್ಟ್ ಸ್ಕ್ವೇರ್ಸ್.

ಬೌಡಿಚ್‌ನಲ್ಲಿ ಗೂಟದಿಂದ ಗೂಟಕ್ಕೆ ಇರುವ ಗೆರೆ ಎಷ್ಟು ಉದ್ದವೋ ತಪ್ಪಿನಲ್ಲಿ ಅಷ್ಟು ಪಾಲು. 150 ಮೀಟರ್ ಗೆರೆಗೆ ಒಂದೂವರೆ ಸೆಂಟಿಮೀಟರ್. ಕ್ಯಾಲ್ಕುಲೇಟರ್ ಸಾಕು. ನಾಲ್ಕೈದು ಗೂಟದ ಒಂದೇ ಸುತ್ತಾದರೆ ನಾನು ಇದನ್ನೇ ಹಿಡಿಯುತ್ತೇನೆ. ಸುಮ್ನೆ ಲೀಸ್ಟ್ ಸ್ಕ್ವೇರ್ಸ್ ಸಾಫ್ಟ್‌ವೇರ್‌ಗೆ ದುಡ್ಡು ಯಾಕೆ? ಆದರೆ ಬೇಸಿಗೆಯಲ್ಲಿ ಎರೆ ಬಿರಿಯುತ್ತದೆ, ಅಲ್ವಾ? ಕೆಲಸದ ನಡುವೆ ಒಂದು ಗೂಟ ಬೆರಳಷ್ಟು ಸರಿದರೂ ಬೌಡಿಚ್‌ಗೆ ಗೊತ್ತಾಗುವುದಿಲ್ಲ. ಒಂದರ ತಪ್ಪನ್ನು ಎಲ್ಲ ಗೆರೆಗಳ ತಲೆಗೂ ಕಟ್ಟುತ್ತದೆ.

ಲೀಸ್ಟ್ ಸ್ಕ್ವೇರ್ಸ್ ಪ್ರತಿ ಅಳತೆಗೂ ತೂಕ ಕೊಡುತ್ತದೆ. ನಂಬಿಕೆಯ ಅಳತೆಗೆ ಕಡಿಮೆ ತಿದ್ದುಪಡಿ, ಅನುಮಾನದ್ದಕ್ಕೆ ಜಾಸ್ತಿ. ಜಿಪಿಎಸ್ ಅಳತೆಯನ್ನೂ ಜೊತೆಗೆ ಸೇರಿಸಬಹುದು. ಎಲ್ಲಿ ತಿದ್ದುಪಡಿ ವಿಪರೀತ ಬಂತೋ ಆ ಗೂಟದ ಹತ್ತಿರ ಮತ್ತೆ ಹೋಗಿ ನೋಡಿ. ಆದರೆ ಹೆಚ್ಚಿನ ಅಳತೆ ಇಲ್ಲದ ಒಂಟಿ ಸುತ್ತಿನಲ್ಲಿ ಇದರ ಜಾಣತನವೂ ಅಷ್ಟಕ್ಕಷ್ಟೇ. ಅದಕ್ಕೇ ಹೊಲದ ಮೂಲೆಯಿಂದ ಮೂಲೆಗೆ ಎರಡು ಅಡ್ಡಗೆರೆ ಅಳೆದೇ ಟ್ರೈಪಾಡ್ ಮಡಚಿ.